ಹದಿನಾಲ್ಕನೇ ನಿಮಿಷದ ದನಿ

ಆ ಭಾನುವಾರ ಬೆಳಿಗ್ಗೆ ಅವಳು ಮೆಟ್ಟಿಲು ಹತ್ತಿ ಬಂದಾಗ ಮೇಲಿನ ಕೋಣೆಯಲ್ಲಿ ಜಗಳ ನಡೆದಿತ್ತು.

ಜಗಳ ಒಂದು ಮೌನದ ಬಗ್ಗೆ. 'ನೀಲಿ ಇರುವೆ' ಎಂಬ ಬ್ಯಾಂಡಿನ 'ಕೆರೆಯ ತಳ' ಎಂಬ ಹಾಡಿನ ನಡುವೆ ಗಿಟಾರು, ಆರ್ಗನ್ನು, ಡ್ರಮ್ಮು ಎಲ್ಲ ಒಟ್ಟಿಗೆ ನಿಂತುಬಿಡುವ ಜಾಗವೊಂದಿದೆ. ಸ್ಟುಡಿಯೋದಲ್ಲಿ ಮಾಡಿದ ರೆಕಾರ್ಡಿನಲ್ಲಿ ಆ ಮೌನ ಎರಡು ಸೆಕೆಂಡು. ವೇದಿಕೆಯ ಮೇಲೆ ಕೊನೆಯ ಸಲ ನುಡಿಸಿದಾಗ ಹನ್ನೊಂದು. ಎರಡರಲ್ಲಿ ನಿಜವಾದ ಹಾಡು ಯಾವುದು ಎಂದು ಆರು ಮಂದಿ, ರಜೆಯ ದಿನ, ಕೈಯಲ್ಲಿದ್ದ ಚಹಾ ಆರಿಹೋದರೂ ಗಮನವಿಲ್ಲದೆ ಕಿತ್ತಾಡುತ್ತಿದ್ದರು.

ಮನೆ ಮೇಷ್ಟ್ರದ್ದು. ಮೂವತ್ತು ವರ್ಷ ಗಣಿತ ಪಾಠ ಮಾಡಿ ನಿವೃತ್ತರಾದವರು. ಕೊರಳಲ್ಲಿ ಸ್ಟಾಪ್‌ವಾಚು ನೇತುಹಾಕಿಕೊಂಡೇ ಹಾಡು ಕೇಳುವವರು. ಸ್ಟುಡಿಯೋ ಪಕ್ಷಕ್ಕೆ ಅವರೇ ನಾಯಕರು. ಎರಡು ಸೆಕೆಂಡೆಂದರೆ ಯೋಚಿಸಿ ಬಿಟ್ಟ ಜಾಗ, ಹನ್ನೊಂದು ಸೆಕೆಂಡೆಂದರೆ ಡ್ರಮ್ಮಿನವನು ಕೋಲು ಬೀಳಿಸಿಕೊಂಡಿದ್ದಾನೆ ಅಷ್ಟೇ ಎಂಬುದು ಅವರ ವಾದ. ಲೈವ್ ಪಕ್ಷದವರು ಬಿದ್ದ ಕೋಲಿನ ಸದ್ದು ಎಲ್ಲಿದೆ ತೋರಿಸಿ ಎನ್ನುತ್ತಿದ್ದರು.

ಟೇಪ್ ಡೆಕ್ಕಿನ ಮುಂದೆ ಮಂಡಿಯೂರಿ ಕೂತಿದ್ದವನು ಮಾತ್ರ ಏನೂ ಹೇಳದೆ ಗುಂಡಿಯ ಮೇಲೆ ಬೆರಳಿಟ್ಟ. ಇನ್ನೇನು ಟೇಪು ಶುರುವಾಗಬೇಕು.

ಅವಳು ಬಾಗಿಲಲ್ಲೇ ನಿಂತು ಮೆಲ್ಲಗೆ ಹೇಳಿದಳು. "ಸ್ವಲ್ಪ ಇರಿ."

ಅವನ ಬೆರಳು ನಿಂತಿತು. ಅವನು ತಕ್ಷಣ ತಿರುಗಲಿಲ್ಲ. ಮೊದಲು ತಲೆ ತುಸು ಓರೆಯಾಯಿತು, ದೂರದಲ್ಲಿ ಯಾರೋ ತನ್ನ ಹೆಸರು ಹಿಡಿದು ಕರೆದಂತೆ. ಆಮೇಲೆ ನಿಧಾನವಾಗಿ ತಿರುಗಿದ. ಅವನ ಮುಖ ಸುಣ್ಣದ ಹಾಗೆ ಬಿಳಿಚಿತ್ತು. ಕೋಣೆಯಲ್ಲಿದ್ದ ಇತರರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಷ್ಟ್ರ ಕೈ ತಂತಾನೇ ಸ್ಟಾಪ್‌ವಾಚಿನ ಮೇಲೆ ಹೋಗಿತ್ತು.

ಅವನು ಎದ್ದು ನಿಂತು ಕೇಳಿದ. "ಅದು ನೀವಾ?"

"ಅಲ್ಲ," ಎಂದಳು ಅವಳು. "ನಮ್ಮಕ್ಕ."

*

ಅವಳು ಸಾರ್ವಜನಿಕ ಗ್ರಂಥಾಲಯದ ರಿಪೇರಿ ಕೋಣೆಯಲ್ಲಿ ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಮಾಡುತ್ತಿದ್ದಳು. ದಾರ, ದಬ್ಬಣ, ಗೋಂದು, ಭಾರ ಹೇರುವ ಕಬ್ಬಿಣದ ಪ್ರೆಸ್ಸು. ದಿನವಿಡೀ ಯಾರೊಂದಿಗೂ ಮಾತಾಡದೆ ಮಾಡಬಹುದಾದ ಕೆಲಸ ಅದು. ಅವಳಿಗೂ ಅದೇ ಬೇಕಿತ್ತು.

ಹಿಂದಿನ ವಾರ ಮೇಷ್ಟ್ರು ಗ್ರಂಥಾಲಯಕ್ಕೆ ಒಂದು ದಪ್ಪ ನೋಟು ಪುಸ್ತಕ ಕಾಣಿಕೆಯಾಗಿ ಕೊಟ್ಟಿದ್ದರು. ನೀಲಿ ಇರುವೆ ಬ್ಯಾಂಡು ನುಡಿಸಿದ ನಲವತ್ತೊಂದು ಕಚೇರಿಗಳನ್ನು ಸ್ಟುಡಿಯೋ ರೆಕಾರ್ಡುಗಳ ಜತೆ ಇಟ್ಟು, ಸೆಕೆಂಡು ಸೆಕೆಂಡಿಗೂ ಏನು ವ್ಯತ್ಯಾಸ ಎಂದು ಅಭಿಮಾನಿಗಳು ಹತ್ತಾರು ವರ್ಷ ಬರೆದಿಟ್ಟ ಟಿಪ್ಪಣಿ. ಬೆನ್ನು ಕಿತ್ತುಹೋಗಿತ್ತು. ಹೊಲಿಯುವಾಗ ಅವಳು ಸಾಮಾನ್ಯವಾಗಿ ಓದುವವಳಲ್ಲ. ಆದರೆ ಕೊನೆಯ ಕಚೇರಿಯ ತಾರೀಖು ಕಣ್ಣಿಗೆ ಬಿತ್ತು, ದಬ್ಬಣ ಅಲ್ಲೇ ನಿಂತಿತು.

ಆ ತಾರೀಖು ಅವಳಿಗೆ ಗೊತ್ತಿತ್ತು. ಅದರ ಕೆಳಗೆ, ನೀಟಾದ ಅಕ್ಷರದಲ್ಲಿ: 'ಹದಿನಾಲ್ಕು ನಿಮಿಷ ಇಪ್ಪತ್ತು ಸೆಕೆಂಡಿಗೆ, ಮೌನದಲ್ಲಿ, ಜನರ ನಡುವಿನಿಂದ ಒಂದು ಹೆಣ್ಣಿನ ದನಿ: ಇರು, ಇನ್ನೂ ಮುಗ್ದಿಲ್ಲ. ಹಿಂದೆಯೇ ಒಂದು ನಗು.'

ಒಂಬತ್ತು ವರ್ಷದ ಹಿಂದೆ, ಹಳೆಯ ಗಿರಣಿಯ ಶೆಡ್ಡಿನಲ್ಲಿ ನಡೆದ ಆ ಕಚೇರಿಗೆ ಅಕ್ಕ ತಂಗಿ ಇಬ್ಬರೇ ಹೋಗಿದ್ದರು. ಅಕ್ಕನಿಗೆ ಇಪ್ಪತ್ತೈದು, ಅವಳಿಗೆ ಇಪ್ಪತ್ತು. ಆರೂವರೆಯ ಬಸ್ಸಿಗೆ ಹೊರಡಬೇಕಿತ್ತು. ಹೊರಡಲಿಲ್ಲ. ಅವರು ಹತ್ತಿದ ಮುಂದಿನ ಬಸ್ಸು ಸೇತುವೆಯ ಕಟ್ಟೆಗೆ ಗುದ್ದಿತು. ಕಿಟಕಿಯ ಕಡೆ ಕೂತಿದ್ದ ಅಕ್ಕ ಉಳಿಯಲಿಲ್ಲ.

ತಲೆಗೆ ಪೆಟ್ಟು ಬಿದ್ದು ಮೂರು ದಿನ ಪ್ರಜ್ಞೆ ಇಲ್ಲದೆ ಮಲಗಿ, ನಾಲ್ಕನೆಯ ದಿನ ಕಣ್ಣು ಬಿಟ್ಟ ತಂಗಿಯನ್ನು ಎಲ್ಲರೂ ಕೇಳಿದ್ದು ಒಂದೇ ಮಾತು, ಯಾಕೆ ತಡವಾಯಿತು. ಅಕ್ಕ ಇನ್ನೂ ಸ್ವಲ್ಪ ಹೊತ್ತು ಇರೋಣ ಅಂದ್ಲು ಎಂದು ಅವಳು ಹೇಳಿದಳು. ಆ ದಿನದಿಂದ ಇಲ್ಲಿಯವರೆಗೆ ಅವಳಿಗೆ ನೆನಪಿದ್ದದ್ದೂ ಹಾಗೆಯೇ.

ಮನೆಯಲ್ಲಿ ಈಗ ಅವಳು ಮತ್ತು ಅಮ್ಮ. ಅಮ್ಮ ಇಪ್ಪತ್ತಾರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಒಮ್ಮೆ ಕೇಳಿದ ದನಿಯನ್ನು ಮರೆಯುತ್ತಿರಲಿಲ್ಲ. ಅಂಥ ಅಮ್ಮ ಈಚೆಗೆ ಒಂದು ಸಂಜೆ, ತರಕಾರಿ ಹೆಚ್ಚುತ್ತಾ, ಚಾಕು ಕೆಳಗಿಟ್ಟು ಹೇಳಿದ್ದಳು. "ಅವಳ ಮುಖ ಕಣ್ಣಿಗೆ ಕಟ್ಟಿದ ಹಾಗಿದೆ ಕಣೇ. ದನಿ ಮಾತ್ರ ನೆನಪಿಗೆ ಬರ್ತಿಲ್ಲ. ಎಷ್ಟು ಎಳೆದ್ರೂ ಬರ್ತಿಲ್ಲ."

ಅಕ್ಕ ತಂಗಿಯ ದನಿ ಒಂದೇ ಥರ ಇತ್ತು. ಆಸ್ಪತ್ರೆಯಿಂದ ಬಂದ ಹೊಸತರಲ್ಲಿ ಅವಳು ಒಳಗಿನ ಕೋಣೆಯಿಂದ ಕರೆದರೆ ಅಮ್ಮ ಬೆಚ್ಚಿ ತಿರುಗುತ್ತಿದ್ದಳು. ತಿರುಗಿದ ಮುಖದಲ್ಲಿ ಅರೆಕ್ಷಣ ಮೂಡುತ್ತಿದ್ದ ಆಸೆಯನ್ನು, ಆಮೇಲೆ ಅದು ಆರಿಹೋಗುವುದನ್ನು ನೋಡಲಾರದೆ ಅವಳು ಕರೆಯುವುದನ್ನೇ ಬಿಟ್ಟಳು. ಏನಾದರೂ ಬೇಕಾದರೆ ಎದ್ದು ಹೋಗಿ, ಎದುರು ನಿಂತು, ಮೆಲ್ಲಗೆ ಹೇಳುತ್ತಿದ್ದಳು. ಒಂಬತ್ತು ವರ್ಷದಲ್ಲಿ ಅವಳು ಒಮ್ಮೆಯೂ ದನಿ ಎತ್ತಿರಲಿಲ್ಲ.

*

ಟೇಪಿನವನನ್ನು ಅಲ್ಲಿ ಎಲ್ಲರೂ 'ಕೊಡೆ' ಎಂದು ಕರೆಯುತ್ತಿದ್ದರು. ಮಡಚಿದ ಕೊಡೆಯ ಕೋಲಿಗೆ ಎರಡು ಪುಟ್ಟ ಮೈಕು ಕಟ್ಟಿಕೊಂಡು ಊರೂರು ಅಲೆದು ಆ ಬ್ಯಾಂಡಿನ ಕಚೇರಿಗಳನ್ನು ಟೇಪು ಮಾಡಿದವನು ಅವನೇ. ಬಿಸಿಲಿರಲಿ ಚಳಿಯಿರಲಿ ಕೊಡೆ ತಪ್ಪುತ್ತಿರಲಿಲ್ಲ. ಹೊಟ್ಟೆಪಾಡಿಗೆ ಲಿಫ್ಟ್ ಮೆಕ್ಯಾನಿಕ್. ಲಿಫ್ಟು ಕೆಟ್ಟಾಗ ಬಾಗಿಲಿಗೆ ಕಿವಿಯಿಟ್ಟು, ಯಾವ ಬೇರಿಂಗು ಸವೆದಿದೆ ಎಂದು ಹೇಳಬಲ್ಲವನೆಂದು ಮೇಷ್ಟ್ರು ಹೊಗಳಿದರು.

ಗಿರಣಿ ಶೆಡ್ಡಿನ ಕಚೇರಿಯ ನಂತರ ಬ್ಯಾಂಡು ಮುರಿದುಬಿತ್ತು. ಆ ದಿನದ ಟೇಪು ಇರುವುದು ಅವನೊಬ್ಬನ ಬಳಿ. ಕತ್ತಲಲ್ಲಿ, ನೂಕುನುಗ್ಗಲಲ್ಲಿ ಯಾರು ಮಾತಾಡಿದರೆಂದು ಅವನಿಗೂ ಗೊತ್ತಿರಲಿಲ್ಲ. ಆದರೆ ಒಂಬತ್ತು ವರ್ಷ ಆ ದನಿ ಕೇಳುತ್ತಲೇ ಇದ್ದ.

ಅವತ್ತು ಅವಳಿಗಾಗಿ ಟೇಪು ಹಾಕಿದ. ಕೆಳಗಿನಿಂದ ಉಬ್ಬಿ ಬರುವ ಆರ್ಗನ್ನು, ಅದರ ಮೇಲೆ ದಾರಿ ತಪ್ಪಿದವನ ಹಾಗೆ ಸುತ್ತುವ ಗಿಟಾರು. ಸ್ಟುಡಿಯೋದಲ್ಲಿ ಏಳು ನಿಮಿಷಕ್ಕೆ ಮುಗಿಯುವ ಹಾಡು ಇಲ್ಲಿ ಆ ಹೊತ್ತಿಗೆ ಇನ್ನೂ ದಡ ಬಿಟ್ಟಿರಲಿಲ್ಲ. ಹದಿನಾಲ್ಕನೇ ನಿಮಿಷಕ್ಕೆ ಎಲ್ಲವೂ ಥಟ್ಟನೆ ನಿಂತಿತು. ಅಲ್ಲಲ್ಲಿ ಚಪ್ಪಾಳೆ. ಕುರ್ಚಿ ಸರಿದ ಸದ್ದು. ಆಮೇಲೆ, ಚಪ್ಪಾಳೆಯನ್ನು ಮೀರಿ ಕೂಗಿದ ಆ ದನಿ ಬಂತು.

ಇರು, ಇನ್ನೂ ಮುಗ್ದಿಲ್ಲ.

ಅವಳ ಬೆನ್ನ ಮೇಲೆ ಯಾರೋ ತಣ್ಣನೆಯ ಅಂಗೈ ಇಟ್ಟಂತಾಯಿತು. ಅಕ್ಕ ತನ್ನ ಪಕ್ಕದಲ್ಲೇ ನಿಂತು, ತೋಳು ಜಗ್ಗಿ ಹೇಳಿದಷ್ಟು ಹತ್ತಿರ. ನಗು ಕೇಳುವ ಮೊದಲೇ ಅವಳು ಎದ್ದು ಕಿಟಕಿಯ ಬಳಿ ಹೋಗಿಬಿಟ್ಟಳು. ಕೆಳಗೆ ಬೀದಿಯಲ್ಲಿ ಜನ ಎಂದಿನಂತೆ ಓಡಾಡುತ್ತಿದ್ದರು.

ಅಮ್ಮನಿಗೆ ಕೇಳಿಸಲು ಒಂದು ಪ್ರತಿ ಬೇಕೆಂದು ಕೇಳಿದಳು. ಖಂಡಿತ ಮಾಡಿಕೊಡುತ್ತೇನೆ, ಮುಂದಿನ ಭಾನುವಾರ ಬನ್ನಿ ಎಂದ.

*

ಮುಂದಿನ ಭಾನುವಾರ ಬಂದಳು. ಅವನು ಪ್ರತಿ ತಂದಿದ್ದ, ಆದರೆ ಗೊರಗೊರ ಸದ್ದು ಜಾಸ್ತಿಯಾಗಿದೆ, ಇನ್ನೊಂದು ವಾರ ಕೊಡಿ ಎಂದ. ಅದರ ಮುಂದಿನ ವಾರ ಡೆಕ್ಕಿನ ಬೆಲ್ಟು ಜಾರುತ್ತಿದೆ ಎಂದ. ಆ ನೆಪದಲ್ಲಿ ಅವಳು ವಾರವಾರ ಬರತೊಡಗಿದಳು. ಮೂರನೆಯ ವಾರದ ಹೊತ್ತಿಗೆ ಇದು ನೆಪವೆಂದು ಅವಳಿಗೂ ತಿಳಿದಿತ್ತು. ತಿಳಿದೂ ಸುಮ್ಮನಿದ್ದಳು.

ಅವಳು ಸ್ಟುಡಿಯೋ ಪಕ್ಷ ಸೇರಿದಳು. ಮೇಷ್ಟ್ರಿಗೆ ಹಿಗ್ಗೋ ಹಿಗ್ಗು. ಲೈವ್ ಟೇಪಿನಲ್ಲಿ ಕೆಮ್ಮು, ಸೀನು, ಮಗುವಿನ ಅಳು ಎಲ್ಲ ಸೇರಿಕೊಂಡಿರುತ್ತೆ, ಹಾಡು ಯಾವುದು ಸಂತೆ ಯಾವುದು ಗೊತ್ತಾಗಲ್ಲ ಎಂದು ಅವಳು ಮೆಲ್ಲಗೆ ವಾದಿಸುವಳು. ಕೊಡೆ ಅವಳನ್ನೇ ನೋಡುತ್ತಾ, ಗ್ರಂಥಾಲಯದವರಿಗೆ ಯಾರೂ ಕೆಮ್ಮಬಾರದು ಎನ್ನುವನು. ಅವಳ ತುಟಿಯ ಅಂಚು ಅಲುಗುವುದು. ಅದು ನಗುವಾಗುವ ಮೊದಲೇ ಅವಳು ಚಹಾದ ಲೋಟ ಎತ್ತಿ ಮುಖಕ್ಕೆ ಅಡ್ಡ ಹಿಡಿಯುವಳು. ಅವನು ಲೋಟ ಕೆಳಗಿಳಿಯುವುದನ್ನೇ ಕಾಯುವನು. ಚಹಾ ಮುಗಿದಮೇಲೂ ಅವಳು ಬರಿ ಲೋಟ ಹಿಡಿದೇ ಇರುವಳು.

ಸಭೆ ಮುಗಿದಮೇಲೆ ಅವಳ ಬೀದಿಯ ತಿರುವಿನವರೆಗೆ ನಡೆದುಬರುತ್ತಿದ್ದ. ಅವನ ಕೈಬೆರಳ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಗ್ರೀಸಿನ ಕಪ್ಪು, ಅವಳ ಉಗುರಿನಲ್ಲಿ ಒಣಗಿದ ಗೋಂದು. ಒಮ್ಮೆ ರಸ್ತೆ ದಾಟುವಾಗ ಅವಳ ಮೊಣಕೈ ಹಿಡಿದ. ದಾಟಿದ ಮೇಲೂ ಹತ್ತು ಹೆಜ್ಜೆ ಬಿಡಲಿಲ್ಲ. ಅವಳು ಹತ್ತನ್ನೂ ಎಣಿಸಿದ್ದಳು.

ಆ ದಿನಗಳಲ್ಲಿ ಅವಳು ಅವನಿಗೆ ಎಲ್ಲವನ್ನೂ ಹೇಳಿದಳು. ಬಸ್ಸು, ಸೇತುವೆ, ಅಕ್ಕ ಇನ್ನೂ ಇರೋಣ ಎಂದದ್ದು. ಅವನು ಅಡ್ಡ ಮಾತಾಡದೆ ಕೇಳಿದ. ಮನೆಗೆ ಬಂದು ಬಾಗಿಲು ಹಾಕಿದರೆ ಮಾತ್ರ ಅಕ್ಕ ಅಲ್ಲೇ ಎಲ್ಲೋ ಇದ್ದಂತೆ ಅನ್ನಿಸುತ್ತಿತ್ತು. ಅವನ ಕಣ್ಣು ತನ್ನ ಮೇಲಿದ್ದರೂ ಕಿವಿ ಯಾರ ಕಡೆ ಇದೆ ಎಂಬ ಪ್ರಶ್ನೆ ತಲೆದಿಂಬಿನಡಿ ಸೇರಿಕೊಂಡು ಚುಚ್ಚುತ್ತಿತ್ತು.

*

ಮೂರು ತಿಂಗಳಾಗುವ ಹೊತ್ತಿಗೆ ಗ್ರಂಥಾಲಯದ ಲಿಫ್ಟು ಕೆಟ್ಟಿತು. ರಿಪೇರಿಗೆ ಬಂದವನು ಅವನೇ.

ಮಧ್ಯಾಹ್ನ ಅವಳು ಮೂರನೇ ಮಹಡಿಯಲ್ಲಿ ರಟ್ಟಿನ ಕಟ್ಟು ಹಿಡಿದು ನಿಂತಿದ್ದಳು. ಅಲ್ಲಿ ಲಿಫ್ಟಿನ ಬಾಗಿಲು ತೆರೆದೇ ಇತ್ತು, ಒಳಗೆ ಕತ್ತಲ ಗುಂಡಿ. ಕೆಳಗೆ ಲಿಫ್ಟಿನ ಡಬ್ಬಿಯ ಮೇಲೆ ನಿಂತು ಅವನು ಕೆಲಸ ಮಾಡುತ್ತಿದ್ದ. ಮೋಟಾರು ಕೋಣೆಯಲ್ಲಿದ್ದ ಜೊತೆಗಾರನನ್ನು ಅವನು ಶುರು ಮಾಡೋಣ್ವಾ ಎಂದು ಕೇಳುತ್ತಿದ್ದುದು ಅವಳಿಗೆ ಕೇಳಿಸಿತು. ಅದೇ ಹೊತ್ತಿಗೆ, ಓದುವ ಕೋಣೆಯಿಂದ ಹೊರಬಂದ ಕನ್ನಡಕದ ಮುದುಕರೊಬ್ಬರು ಲಿಫ್ಟು ಸರಿಯಾಯಿತೆಂದುಕೊಂಡು ನೇರ ಆ ಬಾಗಿಲಿನತ್ತ ನಡೆದರು.

ಅವಳ ಕೈಯಿಂದ ರಟ್ಟು ಬಿತ್ತು. "ಇರಿ! ಇನ್ನೂ ಬಾಗಿಲು ಹಾಕಿಲ್ಲ."

ಕಟ್ಟಡವಿಡೀ ಕೇಳುವಂತೆ ಕೂಗಿದ್ದಳು. ಮುದುಕರು ನಿಂತರು. ಅವಳು ಅವರ ತೋಳು ಹಿಡಿದು ಹಿಂದಕ್ಕೆ ಕರೆತಂದು ಬಾಗಿಲು ಎಳೆದಳು. ಗಂಟಲು ಉರಿಯುತ್ತಿತ್ತು, ಬಹಳ ದಿನ ಮುಚ್ಚಿದ್ದ ನಲ್ಲಿ ತಿರುಗಿಸಿದ ಹಾಗೆ. ಆಮೇಲೆ ಬಗ್ಗಿ ಬಾಗಿಲಿನ ಕಿಂಡಿಯಿಂದ ಕೆಳಗೆ ನೋಡಿದಳು. ಅವನು ಕೇಬಲ್ಲು ಹಿಡಿದು ಮೇಲೆ ಮುಖ ಮಾಡಿ ನಿಂತಿದ್ದ. ಹೆಲ್ಮೆಟ್ಟಿನ ದೀಪ ಅವಳ ಕಣ್ಣಿಗೆ ಹೊಡೆಯಿತು. ಅವನು ಅದನ್ನು ಪಕ್ಕಕ್ಕೆ ತಿರುಗಿಸಲಿಲ್ಲ.

ಏನಾಯಿತೆಂದು ಅವಳು ಕೇಳಿದಳು.

"ಏನಿಲ್ಲ," ಎಂದ ಅವನು. "ಸ್ಪ್ಯಾನರ್ ಬಿತ್ತು."

ಆ ಭಾನುವಾರ ಅವಳು ಮತ್ತೆ ಟೇಪಿನ ಪ್ರತಿ ಕೇಳಿದಾಗ ಅವನು ಕಣ್ಣು ತಪ್ಪಿಸಿದ. ಇನ್ನೂ ಸ್ವಲ್ಪ ದಿನ ಆಗಲಿ, ಅಮ್ಮನಿಗೆ ಅಷ್ಟು ಅವಸರವಿದೆಯೇ ಎಂದ. ಹಿಂದೆ ನೆಪ ಹೇಳುವಾಗ ಇದ್ದ ತುಂಟತನ ಅದರಲ್ಲಿ ಇರಲಿಲ್ಲ.

*

ಮತ್ತೆರಡು ತಿಂಗಳಾದ ಮೇಲೆ, ಸಂಜೆ ಬೆಳಕಿನಲ್ಲಿ, ಅವಳ ಬೀದಿಯ ತಿರುವಿನಲ್ಲಿ ಅವನು ನಿಂತು, ನಾಲ್ಕು ಸಲ ಗಂಟಲು ಸರಿಮಾಡಿಕೊಂಡು, ಮದುವೆಯಾಗೋಣವೇ ಎಂದು ಕೇಳಿದ. ಪಕ್ಕದ ಗೋಡೆಗೆ ಯಾರೋ ಆಗತಾನೇ ಬಣ್ಣ ಬಳಿದಿದ್ದರು. ಅವನು ಗೋಡೆಗೆ ಕೈ ಊರಿ ನಿಂತದ್ದರಿಂದ ಅಂಗೈ ಪೂರ್ತಿ ಹಸಿರಾಗಿತ್ತು. ಅದು ಅವನಿಗಿನ್ನೂ ಗೊತ್ತಾಗಿರಲಿಲ್ಲ.

ಅವಳಿಗೆ ಆ ಹಸಿರು ಕೈಯನ್ನು ಹಿಡಿದುಕೊಳ್ಳಬೇಕೆನ್ನಿಸಿತು. ಎಷ್ಟು ಅನ್ನಿಸಿತೆಂದರೆ ತನ್ನೆರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು.

"ನೀವು ಒಂಬತ್ತು ವರ್ಷ ಕೇಳ್ತಾ ಇದ್ದದ್ದು ನಮ್ಮಕ್ಕನ್ನ," ಎಂದಳು. "ನಾನು ಅವಳ ಹಾಗೆ ಕೇಳಿಸ್ತೀನಿ, ಅಷ್ಟೇ. ನಾಳೆ ಒಂದೇ ಮನೇಲಿದ್ದು ನೀವು ನನ್ನ ಕರೆದಾಗೆಲ್ಲ, ಯಾರನ್ನ ಕರೀತಿದ್ದೀರಿ ಅಂತ ನಾನು ಯೋಚಿಸ್ಬೇಕಾಗುತ್ತೆ."

"ಅದು ಹಾಗಲ್ಲ..." ಎಂದು ಶುರು ಮಾಡಿದ. ಮಾತು ಬಾಯಿಯವರೆಗೆ ಬಂದದ್ದು ಅವಳಿಗೆ ಕಾಣಿಸಿತು. ಆಮೇಲೆ ಅವನು ಅದನ್ನು ನುಂಗಿಕೊಂಡದ್ದೂ ಕಾಣಿಸಿತು.

"ಹಾಗಲ್ಲ ಅಂದ್ರೆ ಹೇಗೆ?"

"ನಿಮ್ಮಿಷ್ಟ," ಎಂದ. "ನಾನು ಒತ್ತಾಯ ಮಾಡಲ್ಲ."

ಅಷ್ಟು ಸುಲಭವಾಗಿ ಒಪ್ಪಿಬಿಟ್ಟನಲ್ಲ ಎಂದು ಅವಳು ಬೆನ್ನು ತಿರುಗಿಸಿ ನಡೆದಳು. ತಾನು ಹೇಳಿದ್ದು ನಿಜವಾದ್ದರಿಂದಲೇ ಅವನು ವಾದ ಮಾಡಲಿಲ್ಲ ಎಂದುಕೊಂಡಳು. ಮುಂದಿನ ಮೂರು ಭಾನುವಾರ ಅವಳು ಮೇಷ್ಟ್ರ ಮನೆಗೆ ಹೋಗಲಿಲ್ಲ. ಗ್ರಂಥಾಲಯದಲ್ಲಿ ಒಂದೇ ಪುಸ್ತಕವನ್ನು ಎರಡು ಸಲ ತಲೆಕೆಳಗಾಗಿ ಹೊಲಿದು, ಎರಡು ಸಲವೂ ಬಿಚ್ಚಿದಳು.

ಅಮ್ಮ ಏನೂ ಕೇಳಲಿಲ್ಲ. ನಾಲ್ಕನೆಯ ಶನಿವಾರ ಸಂಜೆ, ಬಟ್ಟೆ ಮಡಿಸುತ್ತಿದ್ದಾಗ ಅವಳೇ ತಾನಾಗಿ ಎಲ್ಲವನ್ನೂ ಹೇಳಿದಳು. ಅಮ್ಮ ಸೀರೆಯ ಅಂಚಿಗೆ ಅಂಚು ಕೂಡಿಸುತ್ತಾ ಕೇಳಿಸಿಕೊಂಡಳು. ಟೇಪಿನಲ್ಲಿರುವ ಮಾತು ಏನೆಂದು ಎರಡು ಸಲ ಕೇಳಿ ತಿಳಿದುಕೊಂಡಳು. ಯಾರಾದರೂ ನಗುತ್ತಾರೆಯೇ ಎಂದು ಕೇಳಿದಳು. ಹೌದೆಂದಾಗ ಸೀರೆಯನ್ನು ಮಡಿಲಲ್ಲಿಟ್ಟುಕೊಂಡಳು.

"ನಾಳೆ ನಾನೂ ಬರ್ತೀನಿ," ಎಂದಳು. "ಅವರು ಟೇಪು ಕೊಡದೇ ಇದ್ರೆ ಬಿಡಲಿ. ಅಲ್ಲೇ ಕೇಳಿಸ್ಕೊಂಡು ಬರೋಣ."

*

ಅಮ್ಮ ಕಡಿದಾದ ಮೆಟ್ಟಿಲುಗಳನ್ನು ಮೂರು ಕಡೆ ನಿಂತು ಹತ್ತಿದಳು. ಅವರನ್ನು ನೋಡಿ ಕೊಡೆ ಕುರ್ಚಿಯಿಂದ ಎದ್ದ. ಟೇಪು ಕೇಳಬೇಕೆಂದು ಅಮ್ಮ ಹೇಳಿದಾಗ ಡೆಕ್ಕು ಸರಿಯಿಲ್ಲ ಎಂದ. ಅವನಂಥವನ ಡೆಕ್ಕು ಕೆಡುವುದೆಂದರೇನು ಎಂದು ಮೇಷ್ಟ್ರು ಗದರಿದರು. ಅಮ್ಮ ಅವನ ಹತ್ತಿರ ಹೋಗಿ, ಅವನಿಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಏನೋ ಹೇಳಿದಳು. ಅವನು ಅವಳನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿ, ಟೇಪು ಹಾಕಿದ.

ಅಮ್ಮನಿಗೆ ಹೆಡ್‌ಫೋನು ಬೇಕಾಯಿತು. ಅದನ್ನು ಹಾಕಿಕೊಂಡ ರೀತಿಯಲ್ಲೇ ಹಳೆಯ ಆಪರೇಟರ್ ಕಾಣಿಸಿದಳು. ಬೆನ್ನು ನೇರವಾಯಿತು, ಎಡಗೈ ಕಿವಿಯ ಮೇಲೆ ಹೋಯಿತು, ಕಣ್ಣು ಎದುರಿನ ಗೋಡೆಯ ಮೇಲೆ ನಿಂತಿತು. ಸ್ಪೀಕರಿನಲ್ಲಿ ಉಳಿದವರಿಗೂ ಕೇಳುತ್ತಿತ್ತು. ಮೌನ ಬಂತು. ದನಿ ಬಂತು. ನಗು ಬಂತು.

ಅಮ್ಮ ಕೈಯೆತ್ತಿ ನಿಲ್ಲಿಸಿದಳು. ಇನ್ನೊಮ್ಮೆ ಎಂದಳು. ಆಮೇಲೆ ನಗುವಷ್ಟನ್ನೇ ನಾಲ್ಕು ಸಲ ಹಾಕಿಸಿದಳು. ಎರಡೂ ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದರೂ ಮುಖ ಅಲುಗಲಿಲ್ಲ.

"ನಗು ಅವಳದ್ದು," ಎಂದಳು. "ಸಿಕ್ತು ನನಗೆ. ಇದೇ."

ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡು ಮಗಳ ಕಡೆ ತಿರುಗಿದಳು. "ಮಾತು ನಿಂದು ಕಣೇ."

ಅವಳಿಗೆ ಅರ್ಥವಾಗಲಿಲ್ಲ. ಅಲ್ಲಮ್ಮ, ಅದು ಅಕ್ಕ ಎಂದಳು.

"ಮೆಲ್ಲಗೆ ಮಾತಾಡಿದ್ರೆ ನೀವಿಬ್ಬರೂ ಒಂದೇ. ಕೂಗಿದ್ರೆ ನಿನ್ನ ದನಿ ಕೊನೇಲಿ ಒಡೆಯುತ್ತೆ. ಅವಳದ್ದು ಒಡೀತಿರ್ಲಿಲ್ಲ. ಹುಟ್ಟಿದಾಗಿಂದ ಕೇಳಿದ್ದೀನಿ, ನನಗೆ ಗೊತ್ತಾಗಲ್ವಾ?"

ಮೇಷ್ಟ್ರು ಎದ್ದು, ಉಳಿದವರಿಗೆ ಕಣ್ಣಲ್ಲೇ ಸನ್ನೆ ಮಾಡಿ, ಎಲ್ಲರನ್ನೂ ಕೆಳಗೆ ಕರೆದುಕೊಂಡು ಹೋದರು. ಕೊಡೆಯೂ ಹೊರಟಿದ್ದ. ಅಮ್ಮ ಅವನನ್ನು ಇರಪ್ಪ ಎಂದಳು. ಅವನು ಬಾಗಿಲ ಬಳಿ ನಿಂತ.

ಅವಳಿಗೆ ಮೊದಲು ನೆನಪಾದದ್ದು ತೋಳು. ತೋಳು ಜಗ್ಗಿದವಳು ಅಕ್ಕ ಎಂದುಕೊಂಡಿದ್ದಳು. ಈಗ ತನ್ನ ಬೆರಳುಗಳೊಳಗೆ ಅಕ್ಕನ ತೋಳಿನ ಬಟ್ಟೆ ಬಂತು, ಬೆವರಿಗೆ ಒದ್ದೆಯಾದ ಹತ್ತಿ. ಅಕ್ಕ ಕೈಗಡಿಯಾರ ತೋರಿಸುತ್ತಿದ್ದಾಳೆ. ಬಸ್ಸು ಎನ್ನುತ್ತಿದ್ದಾಳೆ. ತಾನು ಆ ತೋಳು ಹಿಡಿದು ಜಗ್ಗುತ್ತಿದ್ದಾಳೆ. ಒಂಬತ್ತು ವರ್ಷ ತಲೆಯ ಯಾವ ಮೂಲೆಯಲ್ಲಿತ್ತೋ, ಒಂದೇ ಸಲಕ್ಕೆ ಬಂದು ಎದುರು ನಿಂತಿತು.

"ಹಾಗಾದ್ರೆ ನಾನು," ಎಂದಳು. "ಅಮ್ಮಾ, ನಾನೇ ಅವಳನ್ನ ನಿಲ್ಲಿಸ್ದೆ."

"ಹೂಂ."

"ನಿನಗೆ..."

"ಅವತ್ತೇ ಗೊತ್ತಿತ್ತು. ಅವಳಿಗೆ ಆ ಗಲಾಟೆ ಸಂಗೀತ ಕಂಡ್ರೆ ಆಗ್ತಿರ್ಲಿಲ್ಲ. ನಿನಗೋಸ್ಕರ ಬಂದಿದ್ಲು. ಇನ್ನೂ ಇರೋಣ ಅಂತ ಅವಳ್ಯಾಕೆ ಅಂತಾಳೆ? ನೀನು ಆಸ್ಪತ್ರೇಲಿ ಎದ್ದು ಹಾಗೆ ಅಂದೆ. ಅದನ್ನ ನಂಬ್ಕೊಂಡು ನೀನು ನಾಲ್ಕು ತುತ್ತು ತಿಂದೆ. ನಾನ್ಯಾಕೆ ಕಿತ್ಕೊಳ್ಳಲಿ ಅಂತ ಸುಮ್ಮನಾದೆ."

ಅವಳು ಅಮ್ಮನ ಮಡಿಲಲ್ಲಿ ಮುಖವಿಟ್ಟಳು. ಅಳುವ ದನಿ ಜೋರಾಗಿತ್ತು, ಕೊನೆಯಲ್ಲಿ ಒಡೆಯುತ್ತಿತ್ತು. ಅಮ್ಮ ತಡೆಯಲಿಲ್ಲ. ತಲೆ ಸವರುತ್ತಾ, ಬಹಳ ಹೊತ್ತಾದ ಮೇಲೆ ಹೇಳಿದಳು.

"ನೀನು ಇರು ಅಂದೆ. ಅವಳೇನು ಮಾಡಿದ್ಲು? ಕೇಳಿಸ್ಕೊಂಡೆಯಲ್ಲ, ನಕ್ಕಳು. ಸಿಟ್ಟು ಮಾಡ್ಕೊಂಡು ನಿಂತದ್ದಲ್ಲ, ನಕ್ಕೊಂಡು ನಿಂತದ್ದು. ಬಸ್ಸು ಗುದ್ದಿದ್ದು ಬಸ್ಸಿನವನು. ನೀನು ಹಾಡು ಕೇಳಿದೆ, ಅಷ್ಟೇ. ಇವತ್ತು ಹೇಳಿದ್ದು ಯಾಕೆ ಅಂದ್ರೆ, ನೀನು ಆ ಸುಳ್ಳನ್ನ ಹಿಡ್ಕೊಂಡು ಈ ಹುಡುಗನ್ನ ಕಳ್ಕೊಳ್ತಿದ್ದೀಯ. ಅದನ್ನ ನೋಡ್ಕೊಂಡು ನಾನು ಸುಮ್ಮನಿರೋಕಾಗಲ್ಲ."

*

ಅಮ್ಮ ಕೆಳಗೆ ಮೇಷ್ಟ್ರ ಬಳಿ ಕೂರುತ್ತೇನೆಂದು ಇಳಿದುಹೋದಳು. ಕೋಣೆಯಲ್ಲಿ ಇಬ್ಬರೇ ಉಳಿದರು. ಬೆಳಗಿನ ಬಿಸಿಲು ನೆಲದ ಮೇಲೆ ಸ್ಪೀಕರಿನ ಕಾಲಿನವರೆಗೆ ಬಂದಿತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಅವನ ಕಡೆ ನೋಡಿದಳು. ಅವನು ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ನಿಂತಿದ್ದ.

"ನಿಮಗೆ ಗೊತ್ತಿತ್ತು," ಎಂದಳು.

"ಗೊತ್ತಿತ್ತು."

"ಯಾವಾಗಿಂದ?"

"ಲಿಫ್ಟಿನ ಹತ್ರ ಕೂಗಿದ್ರಲ್ಲ, ಅವತ್ತಿಂದ. ಆ ಟೇಪು ಎಷ್ಟು ಸಾವಿರ ಸಲ ಕೇಳಿದ್ದೀನಿ. ದನಿ ಒಡೆಯೋ ಜಾಗ ನನಗೆ ಬಾಯಿಪಾಠ."

"ಅದಕ್ಕೇ ಅಮ್ಮನಿಗೆ ಟೇಪು ಕೊಡಲಿಲ್ಲ."

"ಕೊಟ್ರೆ ಅವರು ಕಂಡುಹಿಡೀತಾರೆ ಅಂತ ಭಯ ಆಯ್ತು. ನೀವು ಬಸ್ಸಿನ ಕಥೆ ಹೇಳಿದ್ರಿ. ಅದು ಗೊತ್ತಿದ್ದು, ಮಾತು ನಿಮ್ಮದು ಅಂತ ನಾನು ಹೇಗೆ ಹೇಳ್ಲಿ? ನನಗೆಲ್ಲ ಗೊತ್ತು, ಹಾಕಪ್ಪ ಅಂತ ಇವತ್ತು ಅವರೇ ಹೇಳಿದ್ಮೇಲೆ ಹಾಕ್ದೆ."

ಅವಳಿಗೆ ಬಣ್ಣದ ಗೋಡೆ ನೆನಪಾಯಿತು, ಅವನು ನುಂಗಿಕೊಂಡ ಮಾತು ನೆನಪಾಯಿತು. ಆ ಒಂದು ಮಾತು ಆಡಿದ್ದರೆ ಅವಳ ಬಳಿ ಬೇರೆ ಜವಾಬು ಇರುತ್ತಿರಲಿಲ್ಲ.

"ಅವತ್ತು ಹೇಳಿದ್ರೆ ನಾನು ಒಪ್ತಿದ್ದೆ," ಎಂದಳು.

"ಹೌದು," ಎಂದ ಅವನು. "ಒಪ್ಪಿ, ಮನೆಗೆ ಹೋಗಿ, ಬಾಗಿಲು ಹಾಕ್ಕೊಂಡು ಒಬ್ಬರೇ ಕೂತ್ಕೊಳ್ತಿದ್ರಿ. ನನಗೆ ಅದು ಬೇಕಿರ್ಲಿಲ್ಲ."

ಅವಳು ಕೊನೆಗೆ ಉಳಿದಿದ್ದ ಪ್ರಶ್ನೆಯನ್ನೂ ಕೇಳಿದಳು. ದನಿ ತನ್ನದೆಂದು ತಿಳಿದ ಮೇಲೆ ತಾನು ಇಷ್ಟವಾದದ್ದೋ, ಅದಕ್ಕೂ ಮೊದಲೋ.

"ನೀವು ಬಂದ ಮೂರನೇ ವಾರದಿಂದ ಮನೇಲಿ ಆ ಟೇಪು ಹಾಕಿಲ್ಲ," ಎಂದ. "ಒಂದು ದಿನ ಹಾಕ್ಬೇಕು ಅಂತ ಕೂತೆ. ನೀವು ಖಾಲಿ ಲೋಟ ಹಿಡ್ಕೊಂಡು ಕೂತಿರ್ತೀರಲ್ಲ, ಅದು ಕಣ್ಣೆದುರು ಬಂತು. ಹಾಗೇ ನಗ್ತಾ ಕೂತೆ. ಹಾಡು ಮರೆತೇಹೋಯ್ತು. ಅದು ನಿಮ್ಮಕ್ಕನ ದನಿ ಅಂತಲೇ ಆಗ ಅಂದ್ಕೊಂಡಿದ್ದೆ."

ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನನಗೆ ಇನ್ನು ತುಂಬಾ ದಿನ ಅಳು ಬರಬಹುದು."

"ಬರಲಿ."

"ವರ್ಷಗಟ್ಟಲೆ ಬಂದ್ರೆ?"

"ಬೇರೆ ಎಲ್ಲೂ ಹೋಗೋ ಕೆಲಸ ಇಲ್ಲ ನನಗೆ," ಎಂದ.

ಅವಳು ಅವನ ಎದೆಗೆ ಹಣೆ ಒರಗಿಸಿದಳು. ಶರ್ಟಿನಲ್ಲಿ ಸೋಪಿನ ವಾಸನೆ, ಅದರ ಕೆಳಗೆ ಗ್ರೀಸಿನದು. ಅವನ ಕೈಗಳು ಮೊದಲು ಗಾಳಿಯಲ್ಲೇ ನಿಂತವು, ಆಮೇಲೆ ಅವಳ ಬೆನ್ನ ಮೇಲೆ ಬಂದವು. ಎಲ್ಲಿ ನೋವಿದೆಯೋ ತಿಳಿಯದವನ ಹಾಗೆ ಅವನು ಅಷ್ಟು ಹಗುರವಾಗಿ ಹಿಡಿದಿದ್ದ. ಗಟ್ಟಿಯಾಗಿ ಹಿಡಿಯಿರಿ ಎಂದಳು. ಹಿಡಿದ.

*

ಕೆಳಗಿಳಿದಾಗ ಅಮ್ಮ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಬೆಳಿಗ್ಗೆಯೇ ಮೂರು ಜನಕ್ಕೆ ಅಡುಗೆ ಮಾಡಿಟ್ಟು ಬಂದಿದ್ದೇನೆ, ಆರಿಹೋದರೆ ಮತ್ತೆ ಬಿಸಿ ಮಾಡುವವಳಲ್ಲ ಎಂದು ಹೇಳಿ ಮುಂದೆ ನಡೆದಳು. ದಾರಿಯುದ್ದಕ್ಕೂ ಹಿಂದೆ ತಿರುಗಿ ನೋಡಲಿಲ್ಲ. ಅವರಿಬ್ಬರೂ ಅವಳ ಹಿಂದೆ, ಕೈ ಹಿಡಿದೂ ಹಿಡಿಯದ ಹಾಗೆ, ಬಂದರು.

ಊಟದ ಮೇಜಿಗೆ ಮೂರು ಕುರ್ಚಿ. ಒಂದು ಅಮ್ಮನದು, ಒಂದು ಅವಳದು. ಕಿಟಕಿಯ ಕಡೆಯದು ಒಂಬತ್ತು ವರ್ಷದಿಂದ ಮೇಜಿನೊಳಕ್ಕೆ ತಳ್ಳಿಯೇ ಇತ್ತು. ಒರೆಸುವಾಗ ಮಾತ್ರ ಎಳೆಯುತ್ತಿದ್ದರು. ಅವನು ಕೈ ತೊಳೆದು ಬಂದು, ಯಾವುದರಲ್ಲಿ ಕೂರಲಿ ಎಂಬಂತೆ ನಿಂತ. ಅವಳು ಅಮ್ಮನ ಮುಖ ನೋಡಿದಳು. ತಟ್ಟೆ ಇಡುತ್ತಿದ್ದ ಅಮ್ಮನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಅಮ್ಮನೇ ಹೋಗಿ ಆ ಕುರ್ಚಿಯನ್ನು ಹಿಂದಕ್ಕೆ ಎಳೆದಳು. ನೆಲದ ಮೇಲೆ ಕಾಲು ಕಿರುಗುಟ್ಟಿತು.

"ಕೂತ್ಕೋಪ್ಪ," ಎಂದಳು. "ಅದರ ಒಂದು ಕಾಲು ಗಿಡ್ಡ. ಅಲುಗಾಡುತ್ತೆ, ಜೋಪಾನ."

ಅವನು ಕೂತ. ಕುರ್ಚಿ ಅಲುಗಿತು. ಬಗ್ಗಿ ಅದರ ಕಾಲನ್ನು ನೋಡಿ, ಊಟವಾದ ಮೇಲೆ ಸರಿ ಮಾಡಿಕೊಡಲೇ ಎಂದು ಕೇಳಿದ.

ಅಮ್ಮ ಸ್ವಲ್ಪ ಯೋಚಿಸಿದಳು. "ಇವತ್ತು ಬೇಡ," ಎಂದು ಹೇಳಿ, ಅವನ ತಟ್ಟೆಗೆ ಮೊದಲು ಬಡಿಸಿದಳು.